ಕೈ ಒಳಗಿದ್ದಾಗ ಬಾಯಿ ಮಾತಾಡಲಿ

ತೊಗರಿ ಪೂರಾ ಒಣಗುವ ಮೊದಲೇ ಕಾಳು ಬಿಡಿಸುವ ರಾಶಿ ಮಷಿನ್ನಿಗೆ ಹಾಕಿದರೆ ಮಷಿನ್ನಿನ ಗಂಟಲು ಕಟ್ಟುತ್ತದೆ. ಹಸಿ ಕಟ್ಟಿಗೆ ಡ್ರಮ್ಮಿನ ಹಲ್ಲಿಗೆ ಸುತ್ತಿಕೊಳ್ಳುತ್ತದೆ, ಹೊಟ್ಟು ಬರುವುದು ನಿಲ್ಲುತ್ತದೆ. ಆಗ ಯಾರೋ ಒಬ್ಬ ಮಷಿನ್ನಿನ ಬಾಯೊಳಗೆ ಕೈ ಹಾಕಿ ಅದನ್ನು ಜಗ್ಗಬೇಕು. ಎಲ್ಲ ಊರಲ್ಲೂ ಅಂಥ ಒಬ್ಬ ಇರುತ್ತಾನೆ. ಯಡ್ರಾಮಿ ಹತ್ತಿರದ ಒಂದು ಊರಲ್ಲಿ ಆ ಒಬ್ಬ ಹುಲೆಪ್ಪ.

ಹುಲೆಪ್ಪನ ಅಣ್ಣ ದೌಲತರಾಯ. ಟ್ರ್ಯಾಕ್ಟರ್, ಅದರ ಹಿಂದೆ ಕಟ್ಟುವ ರಾಶಿ ಮಷಿನ್, ಎರಡೂ ಇಬ್ಬರಿಗೂ ಸೇರಿದ್ದು. ಆದರೆ ಟ್ರ್ಯಾಕ್ಟರಿನ ಸೀಟು ಅಣ್ಣನದು, ಮಷಿನ್ನಿನ ಬಾಯಿ ತಮ್ಮನದು. ಹಾಗೆಂದು ಯಾರೂ ಹಂಚಿಕೊಟ್ಟಿರಲಿಲ್ಲ. ದೊಡ್ಡವನು ಕೂತ, ಸಣ್ಣವನು ನಿಂತ, ಅಷ್ಟೇ.

ಹುಲೆಪ್ಪನ ಹೆಂಡತಿ ಶರಣಬಸಮ್ಮ. ಆ ಮನೆಗೆ ಬಂದು ಹತ್ತು ವರ್ಷವಾಗಿದ್ದರೂ ಭಾವನ ಜೊತೆ ಅವಳು ಒಂದು ಮಾತೂ ಎದುರೆದುರು ಆಡಿರಲಿಲ್ಲ. ಗಂಡನ ಅಣ್ಣನ ಮುಂದೆ ಸೆರಗು ಹೊದ್ದು ಪಕ್ಕಕ್ಕೆ ಸರಿಯಬೇಕು. ಏನಾದರೂ ಹೇಳುವುದಿದ್ದರೆ ಅತ್ತೆಯ ಬಾಯಿಂದ ಹೇಳಿಸಬೇಕು. ಆ ಮನೆಯ ರೀತಿ ಅದು.

ಕಣಕ್ಕೂ ಒಂದು ರೀತಿ ಇತ್ತು. ರಾಶಿ ಮಾಡುವಾಗ ಕಣದಲ್ಲಿ ಯಾರೂ ಮಾತಾಡುವಂತಿಲ್ಲ. ಚಪ್ಪಲಿ ಹೊರಗೆ, ಮಾತೂ ಹೊರಗೆ. ಮಾತಾಡಿದರೆ ರಾಶಿಯ ಹುಲುಸು ಹೋಗುತ್ತದೆ ಎಂದು ಹಿರಿಯರ ನಂಬಿಕೆ. ಎತ್ತು ಕಟ್ಟಿ ತುಳಿಸುತ್ತಿದ್ದಾಗ ಅದರಿಂದ ಯಾರಿಗೂ ಏನೂ ಆಗಲಿಲ್ಲ. ಎತ್ತು ಹೋಗಿ ಮಷಿನ್ ಬಂತು. ಮೌನ ಮಾತ್ರ ಹಾಗೇ ಉಳಿಯಿತು. ಮಾತಿನ ಬದಲು ಸನ್ನೆ ಮಾಡಿಕೊಂಡರು. ಮುಷ್ಟಿ ಎತ್ತಿದರೆ ನಿಲ್ಲಿಸು ಎಂದು, ತಲೆಯ ಮೇಲೆ ಅರಿವೆ ಬೀಸಿದರೆ ಚಾಲೂ ಮಾಡು ಎಂದು.

ಅದು ಸಾವಿರದ ಒಂಬೈನೂರಾ ತೊಂಬತ್ತೊಂದನೆಯ ಇಸವಿ. ತೊಗರಿ ಸುಗ್ಗಿಗೆ ಮೊದಲು ಮಷಿನ್ ನೋಡಲು ಜೇವರ್ಗಿಯಿಂದ ಮಿಸ್ತ್ರಿ ಸಿಕಂದರ ಬಂದ. ಸೋಲಾಪುರದ ಮಿಲ್ಲೊಂದರಲ್ಲಿ ಕೆಲಸ ಮಾಡಿ ಬಂದವನು, ಬಾಯಿ ಜೋರು. ಬೇರಿಂಗಿಗೆ ಗ್ರೀಸ್ ತುಂಬಿ, ಬೆಲ್ಟು ಬಿಗಿದು, ಕೊನೆಗೆ ಚೀಲದಿಂದ ಒಂದು ವಿಚಿತ್ರ ಸಾಮಾನು ತೆಗೆದ. ಹಳೆ ಟೆಲಿಫೋನಿನ ಕಿವಿ-ಬಾಯಿ ಬಿಚ್ಚಿ, ಬ್ಯಾಟರಿ ಸೆಲ್ಲು ಹಾಕಿ, ನಡುವೆ ಉದ್ದ ವೈರು ಎಳೆದು ಅವನೇ ಮಾಡಿದ್ದು. ಎರಡು ಜೊತೆ ಇದ್ದವು. ಕಿವಿಯದು ರುಮಾಲಿನೊಳಗೆ ಸೇರಿಸಿಕೊಳ್ಳಬೇಕು, ಬಾಯಿಯದು ಎದೆಗೆ ಕಟ್ಟಿಕೊಳ್ಳಬೇಕು.

"ಇದೇನಪಾ ಸಿಕಂದರ, ಕಲೆಕ್ಟರಿಗಿ ಫೋನ್ ಹಚ್ಚಾವ ಏನು?" ಎಂದು ದೌಲತರಾಯ ನಕ್ಕ.

"ನಗಬ್ಯಾಡ್ರಿ ದೌಲತರಾಯರ. ಮಿಲ್ಲಿನಾಗ ದೊಡ್ಡ ಮಷಿನ್ ತಪಾಸ್ ಮಾಡೋರು ಇಂಥಾದ್ದೇ ಕಟಗೊಂಡಿರ್ತಿದ್ರು. ಒಬ್ಬಾವ ಮಷಿನ್ ಬಲ್ಲಿ, ಒಬ್ಬಾವ ಬಟನ್ ಬಲ್ಲಿ. ಕೈ ಎರಡೂ ಕೆಲಸಕ್ಕ, ಮಾತು ಬಾಯಿಗಿ. ನಿಮ್ಮ ಹುಲೆಪ್ಪನ ಒಂದು ಕೈಯಾಗ ನಟ್ಟು ಬಿಚ್ಚೋ ಪಾನಾ ಇರ್ತದ, ಇನ್ನೊಂದು ಡ್ರಮ್ಮಿನಾಗ ಇರ್ತದ. ಸನ್ನಿ ಮಾಡ್ಲಿಕ್ಕ ಮೂರನೇ ಕೈ ಎಲ್ಲಿಂದ ತರ್ತಾನ? ಬಾಯಿ ಖಾಲಿ ಇರ್ತದಲ್ಲ, ಅದಕ್ಕ ಕೆಲಸ ಕೊಡ್ರಿ."

"ಬಾಯಿ ಎಲ್ಲಿ ಖಾಲಿ ಅದನೋ, ತಂಬಾಕು ಇರ್ತದ!"

ಹುಲೆಪ್ಪನೂ ನಕ್ಕ. "ಕಿವಿಗಿ ಹಗ್ಗ ಕಟಗೊಂಡ್ರ ಪ್ಯಾಟಿಗಿ ಹೊಂಟ ಎತ್ತಿನಂಗ ಕಾಣ್ತೇನಿ ಬಿಡು."

ಸಿಕಂದರನಿಗೆ ಸಿಟ್ಟು ಬಂತು. "ಕೇಳ್ರಿ ಇಲ್ಲಿ. ಬೆಲ್ಟು ತಿರಗೋವಾಗ ನೋಡಬೇಕಾಗ್ತದ, ಬೇರಿಂಗಿನ ಸಪ್ಪಳ ಕೇಳಬೇಕಾಗ್ತದ. ಅವಾಗ ದೂರ ನಿಂತು ಇದರಾಗ ಹೇಳಬೇಕು, ಸಾವಕಾಶ ಬಿಡು, ಬಂದ್ ಮಾಡು ಅಂತ. ಕೈ ಹಾಕೂದಿದ್ರ ಎಂಜಿನ್ನೇ ಬಂದ್. ಚಾವಿ ತಗದು ಕೈ ಹಾಕಾವನ ಕಿಸ್ಯಾಗ. ಆಮ್ಯಾಲ ಅವ 'ಕೈ ಒಳಗ' ಅನಬೇಕು. ಟ್ರ್ಯಾಕ್ಟರ್ ಮ್ಯಾಲಿನಾವ ಅದನ್ನೇ ತಿರುಗಿ ಅನಬೇಕು. ತಿರುಗಿ ಅನಲಿಲ್ಲಂದ್ರ ಅವಗ ಕೇಳಿಲ್ಲ ಅಂತ ಲೆಕ್ಕ."

"ಸ್ಟಾರ್ಟರ್ ಹೋಗ್ಯಾದ. ಒಮ್ಮಿ ಬಂದ್ ಮಾಡಿದ್ರ ದಬ್ಬಿ ಚಾಲೂ ಮಾಡಬೇಕು. ದಬ್ಬಾಕ ನಿಮ್ಮಪ್ಪ ಬರ್ತಾನೇನು?" ಎಂದ ದೌಲತರಾಯ.

"ಸ್ಟಾರ್ಟರ್ ನಾ ರಿಪೇರಿ ಮಾಡ್ತೇನಿ, ತರ್ರಿ."

"ಸುಗ್ಗಿ ಮುಗೀಲಿ, ಆಮ್ಯಾಲ ನೋಡಾಮು. ಮತ್ತ ಕಣದಾಗ ಮಾತಾಡೂದು ನಮ್ಮಲ್ಲಿ ಇಲ್ಲ. ನಮ್ಮಪ್ಪ ಮಾತಾಡಿಲ್ಲ, ಅವರಪ್ಪ ಮಾತಾಡಿಲ್ಲ."

"ನಿಮ್ಮಪ್ಪರ ಕಾಲದಾಗ ಎತ್ತು ತುಳೀತಿದ್ವು. ಎತ್ತಿಗಿ ಕಣ್ಣಿದ್ವು, ಮನಿಷಾನ ಕೈ ಮ್ಯಾಲ ಕಾಲಿಡ್ತಿದ್ದಿಲ್ಲ. ಈ ಮಷಿನ್ನಿಗಿ ಕಣ್ಣವ ಏನ್ರಿ?"

ಚಹಾ ಹಿಡಿದು ಬಾಗಿಲ ಮರೆಯಲ್ಲಿ ನಿಂತಿದ್ದ ಶರಣಬಸಮ್ಮನಿಗೆ ಈ ಮಾತು ನಾಟಿತು. ಗಂಡನ ಕೈ ಮೇಲಿನ ಗೀರುಗಳು ಅವಳಿಗೆ ಗೊತ್ತಿದ್ದವು. ಪ್ರತಿ ಸುಗ್ಗಿಯಲ್ಲೂ ಅವಕ್ಕೆ ಎಣ್ಣೆ ಹಚ್ಚುವವಳು ಅವಳೇ. ಪಕ್ಕದಲ್ಲಿ ಕೂತಿದ್ದ ಅತ್ತೆ ಗುರುಶಾಂತಮ್ಮನಿಗೆ ಹೇಳಿದಳು, "ಅತ್ತಿ, ಭಾವಗ ಹೇಳ್ರಿ, ಆ ಸಾಮಾನು ಇಟಗೊಳ್ಳಲಿ ಅಂತ."

ಭಾವ ಎದುರಿಗೇ ಇದ್ದ. ಅವನಿಗೂ ಕೇಳಿಸಿತ್ತು. ಆದರೂ ಅತ್ತೆ ಹೇಳಿದಳು, "ದೌಲತಾ, ಇಟಗೋ ಅಂತಾಳ ನೋಡು."

"ಆಕಿಗಿ ಹೇಳವ್ವಾ, ರೊಟ್ಟಿ ಬಡಿಯೂದು ನೋಡ್ಕೋ ಅಂತ."

ಅತ್ತೆ ಸೊಸೆಯ ಕಡೆ ತಿರುಗಿ ಅದನ್ನೂ ಹೇಳಿದಳು.

ಸಿಕಂದರ ಹಣೆ ಹಣೆ ಬಡಿದುಕೊಂಡ. "ಇರಲಿ, ಇಲ್ಲೇ ಬಿಟ್ಟು ಹೋಗ್ತೇನಿ. ಮನಸ್ ಬದಲಾದ್ರ ಕಟಗೋರಿ" ಎಂದು ಸಾಮಾನನ್ನು ಕಟ್ಟೆಯ ಮೇಲೆ ಇಟ್ಟು ಹೋದ. ಎರಡು ದಿನ ಅದು ಕಟ್ಟೆಯ ಮೇಲೇ ಬಿದ್ದಿತ್ತು. ಮೂರನೆಯ ದಿನ ಶರಣಬಸಮ್ಮ ಅದನ್ನು ತನ್ನ ತವರಿನ ಟ್ರಂಕಿನಲ್ಲಿ ಹಾಕಿಟ್ಟಳು.

ಸುಗ್ಗಿ ಬಂತು. ತೊಗರಿಗೆ ಇನ್ನೂ ಹಸಿ ಇತ್ತು, ಆದರೆ ಮೋಡ ಕವಿದಿತ್ತೆಂದು ಎಲ್ಲರಿಗೂ ಅವಸರ. ಮಧ್ಯಾಹ್ನ ಶರಣಬಸಮ್ಮ ಬುತ್ತಿ ಹೊತ್ತುಕೊಂಡು ಹೊಲಕ್ಕೆ ಬಂದಳು. ಹೆಂಗಸರು ಕಣದೊಳಗೆ ಕಾಲಿಡುವಂತಿರಲಿಲ್ಲ. ಅವಳು ಕಣದ ದಂಡೆಯಲ್ಲಿ, ಮಷಿನ್ನಿನ ಆಚೆ ಬದಿಯ ಬೇವಿನ ಗಿಡದ ಕೆಳಗೆ ಬುತ್ತಿ ಇಳಿಸಿದಳು. ಟ್ರ್ಯಾಕ್ಟರ್ ಗುಡುಗುಡು ಅನ್ನುತ್ತಿತ್ತು, ಗೇರ್ ಮಾತ್ರ ತೆಗೆದಿತ್ತು. ಮಷಿನ್ನಿನ ಗಂಟಲು ಕಟ್ಟಿತ್ತು. ಹುಲೆಪ್ಪ ಎರಡೂ ಕೈ ಒಳಗೆ ಹಾಕಿ ಜಗ್ಗುತ್ತಿದ್ದ.

ಅವಳು ಬುತ್ತಿ ಬಿಚ್ಚಿದಳು. ರೊಟ್ಟಿಗೆ ಇರುವೆ ಮುತ್ತಿತ್ತು. ರೊಟ್ಟಿ ತೆಗೆದಿಟ್ಟು, ಎದ್ದು ನಿಂತು, ಬುತ್ತಿಯ ಅರಿವೆಯನ್ನು ಎರಡು ಸಲ ಜೋರಾಗಿ ಜಾಡಿಸಿದಳು.

ಬಿಳಿ ಅರಿವೆ.

ಟ್ರ್ಯಾಕ್ಟರಿನ ಸೀಟಿನ ಮೇಲೆ ಕತ್ತು ತಿರುಗಿಸಿ ಕೂತಿದ್ದ ದೌಲತರಾಯನಿಗೆ ಮಷಿನ್ನಿನ ತಲೆಯ ಮೇಲೆ ಅರಿವೆ ಬೀಸಿದ್ದು ಕಂಡಿತು. ಯಾರು ಬೀಸಿದರು ಎಂದು ಅವನು ನೋಡಲಿಲ್ಲ. ಕೈ ಗೇರಿಗೆ ಹೋಯಿತು.

ಶರಣಬಸಮ್ಮನಿಗೆ ಎರಡೂ ಕಂಡವು, ಭಾವನ ಕೈ ಗೇರಿಗೆ ಹೋದದ್ದೂ, ಗಂಡನ ಕೈ ಒಳಗಿದ್ದದ್ದೂ. 'ಭಾವಾ, ಹಾಕಬ್ಯಾಡ್ರಿ' ಎಂದು ಕೂಗಬೇಕಿತ್ತು. ಹತ್ತು ವರ್ಷ ಆ ಮನುಷ್ಯನ ಎದುರು ಬಾಯಿ ತೆರೆಯದ ನಾಲಿಗೆ ಅದು. ಒಂದು ಗಳಿಗೆ ತಡವರಿಸಿತು. ಆ ಒಂದು ಗಳಿಗೆಯೇ ಸಾಕಾಯಿತು.

ಆ ದಿನ ಕಣದಲ್ಲಿ ಕೇಳಿಬಂದ ಮೊದಲ ದನಿ ಹುಲೆಪ್ಪನ ಚೀರಾಟ.

ಕಲಬುರ್ಗಿಯ ದವಾಖಾನೆಯಲ್ಲಿ ಜೀವ ಉಳಿಯಿತು. ಎಡಗೈ ಉಳಿಯಿತು, ಬಲಗೈ ಮೊಣಕೈಯಿಂದ ಕೆಳಗೆ ಹೋಯಿತು.

ಕೈ ಕಳೆದುಕೊಂಡ ಮನೆಯಲ್ಲಿ ಮೊದಲು ಹುಡುಕುವುದು ಔಷಧವನ್ನಲ್ಲ, ತಪ್ಪು ಹೊರಿಸಲು ಒಂದು ತಲೆಯನ್ನು. ಗುರುಶಾಂತಮ್ಮ ಬಂದವರಿಗೆಲ್ಲ ಹೇಳಿದಳು, "ಹೆಣ್ಮಗಳು ಕಣದ ದಂಡ್ಯಾಗ ಅರಿವಿ ಬೀಸಿದ್ರ ಇನ್ನೇನಾಗ್ತದ್ರೀ?" ದೌಲತರಾಯ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಸುಮ್ಮನಿದ್ದ. ಸುಮ್ಮನಿದ್ದರೆ ಸಾಕಿತ್ತು, ಊರು ಉಳಿದದ್ದನ್ನು ಮಾಡಿಕೊಂಡಿತು.

ಬೋರಿನ ಹತ್ತಿರ ಓಣಿಯ ಮರೆಮ್ಮ ಕೊಡ ಹಿಡಿದು ನಿಂತಿದ್ದವಳು ಕೇಳಿಯೇ ಬಿಟ್ಟಳು, "ಖರೇ ಏನ ಬೇ? ನೀನೇ ಅರಿವಿ ಬೀಸಿದ್ಯಂತ?"

"ಇರುವಿ ಜಾಡಿಸಿದೆ."

"ಇರುವಿ ತಿಂದ್ರ ಕಣ್ಣು ಚಲೋ ಆಗ್ತಾವ. ಹಂಗೇ ತಿಂದಿದ್ರ ಗಂಡನ ಕೈ ಉಳೀತಿತ್ತು."

"ಗೇರ್ ನನ್ನ ಕೈಯಾಗಿತ್ತೇನ್ ಮರೆಮ್ಮ?"

"ನೀ ಬೀಸದಿದ್ರ ಅವ ಯಾಕ ಹಾಕ್ತಿದ್ದ?"

"ನಿಮ್ಮನಿ ಮಾಳಿಗಿ ಮ್ಯಾಲ ಅರಿವಿ ಒಣಾ ಹಾಕ್ತೀಯಲ್ಲ, ಗಾಳಿಗಿ ಬೀಸ್ತದಲ್ಲ. ನಾಳೆ ಅದನ್ನ ಕಂಡು ಅವ ಮಷಿನ್ ಚಾಲೂ ಮಾಡಿದ್ರ ನಿನ್ನ ಹಿಡೀಬೇಕೋ, ಗಾಳಿನ್ನ ಹಿಡೀಬೇಕೋ?"

ಮರೆಮ್ಮ ಕೊಡ ಎತ್ತಿಕೊಂಡು ಹೋದಳು. ಆದರೆ ಬಾಯಿ ಮುಚ್ಚಿಸಿದ ಮಾತ್ರಕ್ಕೆ ಯಾರೂ ಮನಸ್ಸು ಬದಲಿಸುವುದಿಲ್ಲ.

ಊರು ಅಂದರೆ ಅನ್ನಲಿ. ಹುಲೆಪ್ಪನೂ ಅಂದ. ಎಡಗೈಯಲ್ಲಿ ರೊಟ್ಟಿ ಮುರಿಯಲು ಬಾರದೆ ತಟ್ಟೆ ಕಾಲಿನಿಂದ ಒದ್ದ ದಿನ, "ನೀ ಅರಿವಿ ಬೀಸದಿದ್ರ ನಾ ಹಿಂಗ ಇರ್ತಿದ್ದಿಲ್ಲ" ಎಂದ. ಅವಳು ಚೆಲ್ಲಿದ ಖಾರದ ಹಿಂಡಿಯನ್ನು ಬಳಿದು ತೆಗೆದಳು. ಅವಳು ರೊಟ್ಟಿ ಮುರಿದುಕೊಡಲು ಹೋದರೆ ಅವನು ಮುಖ ತಿರುಗಿಸುತ್ತಿದ್ದ. ಇಡೀ ವರ್ಷ ತಾಯಿಯ ಕೈಯಲ್ಲೇ ಉಂಡ. ಹೋದದ್ದು ಒಂದು ಕೈ ಎಂದು ಊರು ತಿಳಿದಿತ್ತು. ಶರಣಬಸಮ್ಮನ ಪಾಲಿಗೆ ಪೂರಾ ಗಂಡನೇ ಹೋಗಿದ್ದ.

ಮತ್ತೆ ತೊಗರಿ ಕಾಯಿ ಕಟ್ಟಿತು. ದೌಲತರಾಯ ಕೂಲಿಯವರನ್ನು ಕರೆಯಲು ಹೋದ. ಹುಲ್ಲು ಹೊರುತ್ತೇವೆ, ಚೀಲ ಹೊರುತ್ತೇವೆ ಎಂದರು. "ಮಷಿನ್ನಿನ ಬಾಯಾಗ ಕೈ ಹಾಕಂದ್ರ ಮಾತ್ರ, ಧಣಿ, ನಮ್ಮ ಕೈ ಮನ್ಯಾಗ ಬಿಟ್ಟು ಬರ್ತೇವಿ" ಎಂದರು.

ಆಗ ಹುಲೆಪ್ಪ ಅಣ್ಣನಿಗೆ ಹೇಳಿದ, "ಗೇರ್ ಎಡಗೈಲೇ ಹಾಕಬಹುದು. ಈ ವರ್ಷ ನಾ ಸೀಟಿನ ಮ್ಯಾಲ ಕೂಡ್ತೇನಿ. ನೀ ಕೈ ಹಾಕು."

ತಪ್ಪು ಹುಡುಕಲು ಅದರಲ್ಲಿ ಏನೂ ಇರಲಿಲ್ಲ. ದೌಲತರಾಯ ಒಪ್ಪಿಕೊಂಡ.

ಮೊದಲ ದಿನವೇ ಹೊತ್ತು ಏರುವ ಮೊದಲು ಮಷಿನ್ ಕಟ್ಟಿಕೊಂಡಿತು. ಹುಲೆಪ್ಪ ಗೇರ್ ತೆಗೆದ. ಎಂಜಿನ್ ಗುಡುಗುಡು ಅನ್ನುತ್ತಲೇ ಇತ್ತು. ದೌಲತರಾಯ ಅಂಗಿಯ ತೋಳು ಮಡಚಿ ಮಷಿನ್ನಿನ ಬಾಯಿಯ ಮುಂದೆ ನಿಂತ. ತಿರುಗಿ ತಮ್ಮನನ್ನು ನೋಡಿದ. ತಮ್ಮನ ಎಡಗೈ ಗೇರಿನ ಮೇಲಿತ್ತು. ಅಂಗಿಯ ಬಲಗಡೆಯ ತೋಳು ಖಾಲಿ ಜೋತುಬಿದ್ದಿತ್ತು. ತಮ್ಮನೂ ಅವನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿತ್ತೋ ಇಲ್ಲವೋ, ದೌಲತರಾಯನಿಗೆ ತಿಳಿಯಲಿಲ್ಲ. ತಿಳಿಯದ್ದಕ್ಕೇ ಹೆದರಿಕೆ ಹೆಚ್ಚಾಯಿತು. ಕೈ ಮುಂದೆ ಚಾಚಿದ, ಹಿಂದಕ್ಕೆ ಎಳೆದುಕೊಂಡ. ಮತ್ತೆ ಚಾಚಿದ, ಮತ್ತೆ ಎಳೆದುಕೊಂಡ. ಕೂಲಿಯವರು ನೋಡುತ್ತ ನಿಂತಿದ್ದರು.

ಮಡಚಿದ ತೋಳನ್ನು ಇಳಿಸಿ, ಕಣ ದಾಟಿ, ದಂಡೆಯ ಬೇವಿನ ಗಿಡದ ಹತ್ತಿರ ಬಂದ. ಶರಣಬಸಮ್ಮ ನೀರಿನ ಕೊಡ ಇಳಿಸುತ್ತಿದ್ದಳು. ನಡುವೆ ಮಾತು ದಾಟಿಸಲು ಅತ್ತೆ ಇರಲಿಲ್ಲ.

"ಆ ಸಿಕಂದರನ ಸಾಮಾನು ಎಲ್ಲ್ಯದ?" ಎಂದು ಅವನು ಗಿಡದ ಕಡೆ ಮುಖ ಮಾಡಿ ಕೇಳಿದ.

ಅವಳು ಸೆರಗು ಎಳೆದುಕೊಳ್ಳಲಿಲ್ಲ. "ಗಿಡಕ್ಕ ಕೇಳಾಕತ್ತೀರೋ, ನನಗ ಕೇಳಾಕತ್ತೀರೋ?"

ಅವನು ತಬ್ಬಿಬ್ಬಾದ. "ನಿನಗೇ, ತಂಗಿ."

"ನನ್ನ ಗಂಡ ಇಷ್ಟು ಸುಗ್ಗಿ ಕೈ ಹಾಕಿದ. ಒಂದು ದಿನಾನೂ ಆ ಸಾಮಾನು ನಿಮಗ ಬೇಕಾಗಲಿಲ್ಲ. ಅವನ ಕೈ ಹೋತು, ಆಗೂ ಬೇಕಾಗಲಿಲ್ಲ. ಇವತ್ತ ನಿಮ್ಮ ಕೈಯಿನ ಪಾಳಿ ಬಂತು, ಬೇಕಾತು."

ಅವನು ನೆಲ ನೋಡಿದ.

"ಟ್ರಂಕಿನಾಗ ಇಟ್ಟೇನಿ. ಕೊಡ್ತೇನಿ. ಆದ್ರ ಅದರಾಗ ಮೊದಲನೇ ಮಾತು ಖರೇ ಮಾತು ಆಡ್ರಿ. ಗೇರ್ ಯಾರು ಹಾಕಿದ್ರು, ಯಾಕ ಹಾಕಿದ್ರು, ನನ್ನ ಗಂಡಗ ಹೇಳ್ರಿ. ಇದೇ ಕಣದಾಗ, ಇವರೆಲ್ಲರ ಮುಂದ. ಒಪ್ಪಿದ್ರ ಕೊಡ್ತೇನಿ. ಇಲ್ಲಂದ್ರ ಹೋಗಿ ಸುಮ್ನ ಕೈ ಹಾಕ್ರಿ."

ದೌಲತರಾಯ ಕೈ ಹಾಕಲಿಲ್ಲ; ಅಂದು ಮಷಿನ್ ನಿಂತೇ ಇತ್ತು. ಸಿಕಂದರನಿಗೆ ಹೇಳಿಕಳಿಸಿದರು. ಮರುದಿನ ಅವನು ಬಂದು ಬೈಯುತ್ತ ಬೈಯುತ್ತಲೇ ಮೊದಲು ಸ್ಟಾರ್ಟರ್ ರಿಪೇರಿ ಮಾಡಿದ. ಆಮೇಲೆ ಶರಣಬಸಮ್ಮ ತೆಗೆದುಕೊಟ್ಟ ಸಾಮಾನಿಗೆ ಹೊಸ ಸೆಲ್ಲು ಹಾಕಿ, ಅಣ್ಣತಮ್ಮಂದಿರ ರುಮಾಲಿನೊಳಗೆ ಕಿವಿಯದನ್ನು ಸೇರಿಸಿ, ಎದೆಗೆ ಬಾಯಿಯದನ್ನು ಕಟ್ಟಿದ. ಎಂಜಿನ್ ಚಾಲೂ ಇದ್ದಾಗ ಮಾತು ಕೇಳುತ್ತದೋ ಇಲ್ಲವೋ ಎಂದು ಮೊದಲು ನೋಡಬೇಕಿತ್ತು. ಎಂಜಿನ್ ಗುಡುಗಿತು. ದೌಲತರಾಯ ಮಷಿನ್ನಿನಿಂದ ದೂರ ನಿಂತ.

"ಆಡ್ರಿ ಏನರೆ ಒಂದ್ ಮಾತು" ಎಂದ ಸಿಕಂದರ.

ದೌಲತರಾಯ ದಂಡೆಯ ಕಡೆ ನೋಡಿದ. ಶರಣಬಸಮ್ಮ ಅಲ್ಲಿ ನೆಟ್ಟಗೆ ನಿಂತಿದ್ದಳು. ಅವನ ತುಟಿ ಅಲುಗಾಡಿತು. ಟ್ರ್ಯಾಕ್ಟರಿನ ಮೇಲಿದ್ದ ಹುಲೆಪ್ಪ ಕಿವಿಯ ಮೇಲೆ ಎಡಗೈ ಒತ್ತಿಕೊಂಡ.

"ತಿರುಗಿ ಅನ್ರಿ ಹುಲೆಪ್ಪ" ಎಂದು ಸಿಕಂದರ ಕೂಗಿದ. "ಅನಲಿಲ್ಲಂದ್ರ ಕೇಳಿಲ್ಲ ಅಂತ ಲೆಕ್ಕ."

"ಕೇಳಲಿಲ್ಲ" ಎಂದ ಹುಲೆಪ್ಪ. "ಜೋರ್ ಅನ್ನು."

ಈ ಸಲ ದೌಲತರಾಯ ಗಂಟಲು ಹರಿಯುವಂತೆ ಕೂಗಿದ. ವೈರು ಬೇಕಾಗಲೇ ಇಲ್ಲ. ಎಂಜಿನ್ನಿನ ಸಪ್ಪಳ ದಾಟಿ ಇಡೀ ಕಣಕ್ಕೆ ಕೇಳಿತು. "ಗೇರ್ ಹಾಕಿದ್ದು ನಾನು! ನೀ ಸನ್ನಿ ಮಾಡಿದ್ದಿಲ್ಲ. ನಾ ನೋಡಲಿಲ್ಲ, ಕೇಳಲಿಲ್ಲ, ಹಾಕಿಬಿಟ್ಟೆ. ಆಕೀದೇನೂ ತಪ್ಪಿಲ್ಲ!"

ಹುಲೆಪ್ಪ ಎಂಜಿನ್ ಬಂದ್ ಮಾಡಿದ. ಕಣದಲ್ಲಿ ಒಮ್ಮೆಲೇ ಸದ್ದಡಗಿತು. ಅವನು ನಿಧಾನವಾಗಿ, ಒಂದೊಂದೇ ಮಾತನ್ನು ತಿರುಗಿ ಅಂದ. "ಗೇರ್ ಹಾಕಿದ್ದು ನೀನು. ನಾ ಸನ್ನಿ ಮಾಡಿದ್ದಿಲ್ಲ. ನೀ ನೋಡಲಿಲ್ಲ, ಕೇಳಲಿಲ್ಲ." ದಂಡೆಯ ಕಡೆ ತಿರುಗಿ ಉಳಿದದ್ದನ್ನು ಹೇಳಿ ಮುಗಿಸಿದ. "ಆಕೀದೇನೂ ತಪ್ಪಿಲ್ಲ."

ಆಮೇಲೆ ಚಾವಿ ಕಿತ್ತು ಅಣ್ಣನಿಗೆ ಕೊಟ್ಟ. ದೌಲತರಾಯ ಅದನ್ನು ಕಿಸೆಗೆ ಹಾಕಿಕೊಂಡು ಮಷಿನ್ನಿನ ಬಾಯಿಗೆ ಬಗ್ಗಿದ.

"ಕೈ ಒಳಗ."

"ಕೈ ಒಳಗ. ಎಂಜಿನ್ ಬಂದ್. ಚಾವಿ ನಿನ್ನ ಕಿಸ್ಯಾಗ."

ಕಟ್ಟಿಗೆ ಬಿಡಿಸಿ ಮುಗಿಯಿತು.

"ಕೈ ಹೊರಗ."

"ಕೈ ಹೊರಗ."

ಆ ವರ್ಷ ರಾಶಿ ಮುಗಿಯುವವರೆಗೆ ಕಣದಲ್ಲಿ ಮಾತು ನಿಲ್ಲಲಿಲ್ಲ. ಹುಲುಸು ಎಲ್ಲಿಗೂ ಹೋಗಲಿಲ್ಲ. "ಮಾತಾಡಿದ್ರೂ ರಾಶಿ ಕಡಿಮಿ ಆಗಲಿಲ್ಲ ನೋಡವ್ವಾ" ಎಂದು ಗುರುಶಾಂತಮ್ಮ ಸೊಸೆಗೆ ಆಶ್ಚರ್ಯದಿಂದ ಹೇಳಿದಳು. ಸೊಸೆ ನಗಲಿಲ್ಲ. ಹಿಂದಿನ ವರ್ಷ ಕಟ್ಟೆಯ ಮೇಲೆ ಕೂತು ಇದೇ ಅತ್ತೆ ಮಾತನ್ನು ಅತ್ತಿಂದಿತ್ತ ದಾಟಿಸಿದ್ದು ಅವಳಿಗೆ ಮರೆತಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ದೌಲತರಾಯನಿಗೆ ಬಂದ ಬುದ್ಧಿಯಾದರೂ ಎಂಥದು? ತಮ್ಮನ ಕೈ ಹೋದಾಗ ಬಾರದೆ, ತನ್ನ ಕೈ ಚಾಚುವಾಗ ಬಂದದ್ದು.

ಅಣ್ಣ ತಪ್ಪೊಪ್ಪಿದ ದಿನವೇ ರಾತ್ರಿ ಹುಲೆಪ್ಪ ಊಟಕ್ಕೆ ಕೂತ. ತಾಯಿಯನ್ನು ಕರೆಯಲಿಲ್ಲ. ತಟ್ಟೆಯನ್ನು ಹೆಂಡತಿಯ ಕಡೆ ಸರಿಸಿದ. ಶರಣಬಸಮ್ಮ ರೊಟ್ಟಿ ಮುರಿದಳು. ಅವನು ಉಂಡ. ಹೋದ ಒಂದು ವರ್ಷವನ್ನು ಯಾವ ಮಿಸ್ತ್ರಿಯೂ ರಿಪೇರಿ ಮಾಡಿ ಕೊಡುವುದಿಲ್ಲ.

ಆಳಂದ, ಅಫಜಲಪುರ, ಜೇವರ್ಗಿಯ ಅಣ್ಣಂದಿರೇ, ಅಕ್ಕಂದಿರೇ, ಈ ಕಥೆ ಕೇಳಿ 'ಅಯ್ಯೋ ಪಾಪ' ಎಂದು ಎದ್ದು ಹೋಗಬೇಡಿ. ಪಾಪ ಎನ್ನುವುದರಿಂದ ಯಾರ ಬೆರಳೂ ಉಳಿಯುವುದಿಲ್ಲ. ರಾಶಿ ಮಷಿನ್ ಇರಲಿ, ಕಬ್ಬಿನ ಗಾಣ ಇರಲಿ, ಹಿಟ್ಟಿನ ಗಿರಣಿ ಇರಲಿ, ಮೇವು ಕೊಚ್ಚುವ ಯಂತ್ರ ಇರಲಿ, ಕೈ ಹಾಕುವ ಮೊದಲು ಎಂಜಿನ್ ಬಂದ್ ಮಾಡಿ. ಗೇರ್ ತೆಗೆದರೆ ಸಾಲದು. ಸ್ಟಾರ್ಟರ್ ಕೆಟ್ಟಿದೆ ಎಂಬ ನೆವ ಹೇಳಬೇಡಿ; ಸ್ಟಾರ್ಟರ್ ಅಂಗಡಿಯಲ್ಲಿ ಸಿಗುತ್ತದೆ. ಚಾವಿ ಕೈ ಹಾಕುವವನ ಹತ್ತಿರವೇ ಇರಲಿ. ಓಡುವ ಬೆಲ್ಟನ್ನು ದೂರ ನಿಂತೇ ನೋಡಿ, ನೋಡಿದ್ದನ್ನು ಬಾಯಿಂದ ಹೇಳಿ. ಮಾತು ಮುಟ್ಟಿಸುವ ಸಾಮಾನು ಸಿಕ್ಕರೆ ಕಟ್ಟಿಕೊಳ್ಳಿ, ನಾಚಿಕೆ ಪಡಬೇಡಿ. ಸಿಗದಿದ್ದರೆ ದೇವರು ಕೊಟ್ಟ ಗಂಟಲಿದೆ, ಕೂಗಿ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ತಿರುಗಿ ಹೇಳಲಿ. ಅತ್ತಿಗೆ, ನಾದಿನಿ, ಸೊಸೆ, ಕೂಲಿಯವಳು, ಯಾರೇ ಆಗಲಿ, ಅಪಾಯ ಕಂಡವಳು ಮೊದಲು ಬಾಯಿ ಬಿಡಲಿ. ಅವಳ ಬಾಯಿ ಮುಚ್ಚಿಸುವ ಮರ್ಯಾದೆ ನಮಗೆ ಬೇಡ.

ಈಗಲೇ ನಿಮ್ಮ ಹೊಲದಲ್ಲಿ ಮಷಿನ್ ಕಟ್ಟಿಕೊಂಡು ನಿಂತಿದ್ದರೆ ಮೊದಲು ಚಾವಿ ತೆಗೆಯಿರಿ. ಅದರ ಬಾಯಿಗೆ ಬಗ್ಗಿದವನನ್ನು ಹೆಸರು ಹಿಡಿದು ಕೂಗಿರಿ. ಅವನು ಓ ಅನ್ನುವವರೆಗೆ ಕಾಯಿರಿ.